ಕಲಿಕೆಯೂ ಒಂದು ಕರುಣಾಕಾರ್ಯ
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಆರೋಗ್ಯಸೇವಕರ ಸಮಾವೇಶದಲ್ಲಿ ಮಾಡಿದ ಭಾಷಣ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದವರನ್ನೂ ಬೆಳೆಸಿದವರನ್ನೂ ಸ್ಮರಿಸುವುದು ವಾಡಿಕೆ. ಅದರ ನೆರಳಿನಲ್ಲಿ ನೋವುಂಡವರನ್ನು ನೆನೆಯುವುದೂ ನಮ್ಮ ಕರ್ತವ್ಯವೇ ಸರಿ. ಉತ್ಸವ ಸಮಿತಿಯವರು ಇಂದಿನ ಒಂದು ಹೊತ್ತನ್ನು ಆರೋಗ್ಯಸೇವಕರಿಗಾಗಿ ಮೀಸಲಿಟ್ಟು, ವ್ಯಸನದ ಚಿಕಿತ್ಸೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಮಗೆ ಅಪ್ಪಣೆ ಮಾಡಿದ್ದಾರೆ. ಹಿರೇಬೆಂಡಿಗೇರಿ, ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಗಳಿಂದ ಬಂದ ದಾದಿಯರೂ ಆಶಾ ಕಾರ್ಯಕರ್ತೆಯರೂ ಔಷಧ ಅಂಗಡಿಯ ಬಂಧುಗಳೂ ಇಲ್ಲಿ ನೆರೆದಿರುವುದು ನಮಗೆ ಸಂತೋಷವನ್ನುಂಟುಮಾಡಿದೆ.

ಉಪದೇಶಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ಬಾಯಿಯ ಕ್ಯಾನ್ಸರಿನಿಂದ ನರಳುತ್ತಿದ್ದ ಒಬ್ಬ ರೈತರನ್ನು ನಾವು ಅವರ ಮನೆಗೆ ಹೋಗಿ ಉಪಚರಿಸುತ್ತಿದ್ದೆವು. ರಾತ್ರಿಯೆಲ್ಲ ಅವರಿಗೆ ನಿದ್ರೆಯಿರಲಿಲ್ಲ. ಮಾರ್ಫಿನ್ ದೊರೆಯುವ ಆಸ್ಪತ್ರೆಗೆ ಕರೆದೊಯ್ಯಿರೆಂದು ಮನೆಯವರಿಗೆ ಹೇಳಲು ನಮಗೆ ಧೈರ್ಯವಾಗಲಿಲ್ಲ. ಅದು ಅಫೀಮಿನಿಂದ ಬಂದ ಔಷಧ, ಚಟ ಹಿಡಿದೀತು ಎಂದು ಅಂಜಿದೆವು. ಕೆಲವೇ ವಾರಗಳ ಆಯುಷ್ಯ ಉಳಿದವರ ವಿಷಯದಲ್ಲಿ ಚಟದ ಚಿಂತೆ ಮಾಡಿದೆವಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ. ಇನ್ನೊಬ್ಬ ಯುವಕ ಬೆನ್ನುನೋವಿಗೆಂದು ತೊಡಗಿದ ಗುಳಿಗೆಯನ್ನು ಬಿಡಲಾರದೆ ಹೋದ. ಎರಡು ಸಲ ಚಿಕಿತ್ಸೆ ಪಡೆದು ಎರಡು ಸಲವೂ ಮರಳಿ ಅದಕ್ಕೇ ಬಿದ್ದ. ಮೂರನೆಯ ಸಲ ನಮ್ಮ ಬಾಗಿಲಿಗೆ ಬಂದಾಗ, ‘ಬಿಡಲು ನಿನಗೆ ಮನಸ್ಸೇ ಇಲ್ಲ’ ಎಂದುಬಿಟ್ಟೆವು. ಅವನು ಮತ್ತೆ ಬರಲಿಲ್ಲ. ಇವರಿಬ್ಬರಿಗೂ ನಾವು ಕೇಡು ಬಯಸಿದವರಲ್ಲ. ನಮಗೆ ತಿಳಿವಳಿಕೆ ಸಾಲದಾಗಿತ್ತು, ಅಷ್ಟೇ. ಆದರೆ ನಮ್ಮ ಅಜ್ಞಾನದ ಬೆಲೆಯನ್ನು ತೆತ್ತವರು ಅವರು.

ಒಳ್ಳೆಯವರ ಅಜ್ಞಾನವು ಎಷ್ಟು ನೋವನ್ನುಂಟುಮಾಡಬಲ್ಲದೆಂಬುದಕ್ಕೆ ಸಂತರೊಬ್ಬರ ಚರಿತ್ರೆಯೇ ಸಾಕ್ಷಿ. ಚೀನಾದೇಶದ ಸಂತ ಮಾರ್ಕ ಜಿ ಟಿಯಾನ್‌ಶಿಯಾಂಗರು ೧೮೩೪ರಲ್ಲಿ ಜನಿಸಿದರು. ವೃತ್ತಿಯಿಂದ ವೈದ್ಯರು, ಬಡವರಿಂದ ಹಣ ಪಡೆಯುತ್ತಿರಲಿಲ್ಲ. ಹೊಟ್ಟೆಯ ಬೇನೆಗೆ ತಾವೇ ಅಫೀಮನ್ನು ಔಷಧವಾಗಿ ತೆಗೆದುಕೊಂಡು ಅದರ ವಶವಾದರು. ಮತ್ತೆ ಮತ್ತೆ ಪಾಪನಿವೇದನೆ ಮಾಡಿದರು, ಮತ್ತೆ ಮತ್ತೆ ಎಡವಿದರು. ಬಿಡುವ ನಿಜವಾದ ಸಂಕಲ್ಪ ಇವರಲ್ಲಿ ಇಲ್ಲವೆಂದು ತಿಳಿದ ಗುರುಗಳು ಪಾಪವಿಮೋಚನೆಯನ್ನು ನಿರಾಕರಿಸಿದರು. ಸುಮಾರು ಮೂವತ್ತು ವರ್ಷ ಅವರಿಗೆ ಪರಮಪ್ರಸಾದವಿಲ್ಲ. ಆದರೂ ಬಲಿಪೂಜೆಗೆ ಬರುವುದನ್ನು ಅವರು ಬಿಡಲಿಲ್ಲ. ೧೯೦೦ರಲ್ಲಿ ಬಾಕ್ಸರ್ ದಂಗೆಯ ಕಾಲದಲ್ಲಿ ಅವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಹಿಡಿದೊಯ್ದಾಗ, ತನ್ನವರಲ್ಲಿ ಯಾರೂ ಒಂಟಿಯಾಗಿ ಸಾಯದಿರಲೆಂದು ತನ್ನನ್ನು ಕಡೆಯಲ್ಲಿ ಕೊಲ್ಲಬೇಕೆಂದು ಬೇಡಿಕೊಂಡರು. ಅಫೀಮನ್ನು ಬಿಡಲಾರದೆ ಹೋದ ಆ ವೈದ್ಯರನ್ನು ಜಗದ್ಗುರು ಎರಡನೆಯ ಜಾನ್ ಪೌಲರು ೨೦೦೦ದ ಅಕ್ಟೋಬರ್ ೧ರಂದು ಸಂತರೆಂದು ಘೋಷಿಸಿದರು.

ಆ ಗುರುಗಳನ್ನು ನಾವು ದೂಷಿಸಲಾರೆವು. ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಅಫೀಮು ವರ್ಗದ ಪದಾರ್ಥಗಳನ್ನು ಬಹುದಿನ ಸೇವಿಸಿದವರ ಮೆದುಳಿನ ಕಾರ್ಯವೇ ಬದಲಾಗುತ್ತದೆ, ಮರುಕಳಿಸುವುದು ಈ ಕಾಯಿಲೆಯ ಸ್ವಭಾವ ಎಂಬುದನ್ನು ವೈದ್ಯವಿಜ್ಞಾನ ತಿಳಿಸಿದ್ದು ಆಮೇಲೆ. ಧರ್ಮಸಭೆಯೂ ಕಲಿಯುತ್ತ ಬಂದಿದೆ. ೧೯೯೨ರಲ್ಲಿ ಪ್ರಕಟವಾದ ಅದರ ಧರ್ಮೋಪದೇಶ ಗ್ರಂಥವು ಮಾದಕವಸ್ತುವಿನ ಸೇವನೆಯನ್ನು ಘೋರ ಅಪರಾಧವೆಂದು ಹೇಳುತ್ತಲೇ, ಬೇರೂರಿದ ಅಭ್ಯಾಸವು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲದೆಂದೂ ಬೋಧಿಸುತ್ತದೆ.

ಮನಸ್ಸನ್ನು ಕೆಡಿಸುವ ಪದಾರ್ಥವೇ ಮರಣಶಯ್ಯೆಯಲ್ಲಿ ನೋವನ್ನು ಶಮನಗೊಳಿಸುವ ಔಷಧವೂ ಹೌದು. ಈ ಮಾತು ಮರೆತಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶವೇ ನಿದರ್ಶನ. ೧೯೮೫ರಲ್ಲಿ ಮಾದಕವಸ್ತು ನಿಯಂತ್ರಣದ ಕಾಯಿದೆ ಬಂತು. ಕಳ್ಳಸಾಗಣೆಯನ್ನು ತಡೆಯುವುದು ಅದರ ಉದ್ದೇಶ. ಆದರೆ ಪರವಾನಗಿಗಳ ತೊಡಕಿಗೂ ಶಿಕ್ಷೆಗೂ ಹೆದರಿ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಬಿಟ್ಟವು. ಔಷಧಕ್ಕಾಗಿ ಸರಕಾರದ ಮೇಲ್ವಿಚಾರಣೆಯಲ್ಲಿ ಅಫೀಮು ಬೆಳೆಯುವ ಈ ವಿಶಾಲ ದೇಶದಲ್ಲಿ ೧೯೯೭ರಲ್ಲಿ ರೋಗಿಗಳಿಗಾಗಿ ಬಳಕೆಯಾದ ಮಾರ್ಫಿನ್ ಕೇವಲ ೧೮ ಕಿಲೋ. ಅದನ್ನು ಬಳಸುವುದನ್ನು ಕಂಡೇ ಅರಿಯದ ವೈದ್ಯರ ಮತ್ತು ದಾದಿಯರ ಒಂದು ಪೀಳಿಗೆಯೇ ಬೆಳೆಯಿತು. ಆ ಪೀಳಿಗೆಗೆ ನಾವೂ ಸೇರಿದವರು. ೨೦೧೪ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಮಾರ್ಫಿನ್ ಮೊದಲಾದ ಔಷಧಗಳನ್ನು ಪಡೆಯುವ ಕ್ರಮ ಸರಳವಾಯಿತು. ಕಾಗದದ ಮೇಲಿನ ತೊಡಕು ನೀಗಿದರೂ ಮನಸ್ಸಿನ ಅಂಜಿಕೆ ಹೋಗಬೇಕಾದರೆ ಕಲಿಕೆಯೇ ಬೇಕು. ಯಾತನೆಯನ್ನು ಶಮನಗೊಳಿಸಲು ಇಂಥ ಔಷಧವನ್ನು ನೀಡುವುದು ನ್ಯಾಯಸಮ್ಮತವೆಂದು ಜಗದ್ಗುರು ಹನ್ನೆರಡನೆಯ ಪಿಯುಸರು ೧೯೫೭ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರೆಂಬುದನ್ನು ನಾವು ಬಹಳ ತಡವಾಗಿ ಅರಿತೆವು.

ಇದಕ್ಕೆ ಎದುರಾದ ತಪ್ಪೂ ಉಂಟು. ಅದು ಧಾರಾಳವಾಗಿ ಕೊಡುವ ತಪ್ಪು. ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು ಬಹುಕಾಲ ನಿರಪಾಯವೆಂದೇ ಭಾವಿಸಲಾಗಿತ್ತು. ದುರ್ಬಳಕೆ ಹೆಚ್ಚಿದ್ದರಿಂದ ೨೦೧೮ರ ಏಪ್ರಿಲಿನಲ್ಲಿ ಅದನ್ನೂ ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಹಳೆಯ ಚೀಟಿ ತೋರಿಸಿದವರಿಗೆ ತಿಂಗಳುಗಟ್ಟಲೆ ಗುಳಿಗೆ ಕೊಡುವ ಅಂಗಡಿಯವರೂ, ಬೇಗ ಗುಣವಾಗಲೆಂದು ಬಲವಾದ ಸೂಜಿಯನ್ನೇ ಚುಚ್ಚುವವರೂ ಇದನ್ನು ಗಮನಿಸಬೇಕು.

ಈ ಕೊರತೆಯ ವಿಸ್ತಾರವನ್ನು ತಿಳಿಯಲು ಎರಡು ಅಂಕಿಗಳು ಸಾಕು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಕೇಂದ್ರ ಸರಕಾರಕ್ಕಾಗಿ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಫೀಮು ವರ್ಗದ ಪದಾರ್ಥಗಳ ದೆಸೆಯಿಂದ ನೆರವು ಬೇಕಾದವರು ದೇಶದಲ್ಲಿ ಸುಮಾರು ೭೭ ಲಕ್ಷ. ಕುಡಿತಕ್ಕೆ ದಾಸರಾದವರಲ್ಲಿ ೩೮ ಮಂದಿಗೆ ಒಬ್ಬರು ಮಾತ್ರ ಏನಾದರೊಂದು ಚಿಕಿತ್ಸೆ ಪಡೆದವರು. ಇಷ್ಟು ಜನರಿಗೆ ಸಾಕಾಗುವಷ್ಟು ತಜ್ಞರು ಎಲ್ಲಿದ್ದಾರೆ? ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಉಂಟು. ಆದರೆ ದಿನಗೂಲಿಯವನು ಹೆಂಡತಿ ಮಕ್ಕಳ ಕೂಳು ಬಿಟ್ಟು ಎಷ್ಟು ಸಲ ಅಲ್ಲಿಗೆ ಹೋಗಿಬಂದಾನು? ಆದ್ದರಿಂದ ತಜ್ಞರ ವಿದ್ಯೆಯೇ ಊರಿನ ಆರೋಗ್ಯ ಕೇಂದ್ರಕ್ಕೆ ಬರಬೇಕು.

ಅದಕ್ಕೊಂದು ದಾರಿ ತೆರೆದಿದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತೀಯ ಮೂಲದ ವೈದ್ಯರಾದ ಡಾ. ಸಂಜೀವ್ ಅರೋರಾ ಅವರು ೨೦೦೩ರಲ್ಲಿ ‘ಎಕೋ’ ಎಂಬ ಯೋಜನೆಯನ್ನು ಆರಂಭಿಸಿದರು. ಯಕೃತ್ತಿನ ರೋಗಿಗಳು ದೂರದ ನಗರಕ್ಕೆ ಬರುವ ಬದಲು, ಊರೂರಿನ ವೈದ್ಯರು ತಮ್ಮ ರೋಗಿಯ ಸಂಗತಿಯನ್ನು, ಹೆಸರು ಹೇಳದೆ, ದೂರದರ್ಶಕ ಸಂಪರ್ಕದ ಮೂಲಕ ತಜ್ಞರ ಮುಂದಿಡುತ್ತಾರೆ. ಎಲ್ಲರೂ ಕೂಡಿ ವಿಚಾರಿಸುತ್ತಾರೆ. ಒಬ್ಬರ ರೋಗಿಯಿಂದ ಹತ್ತು ಮಂದಿ ವೈದ್ಯರು ಕಲಿಯುತ್ತಾರೆ. ಹೀಗೆ ಕಲಿತ ಹಳ್ಳಿಯ ವೈದ್ಯರ ಚಿಕಿತ್ಸೆಯು ವಿಶ್ವವಿದ್ಯಾಲಯದ ಆಸ್ಪತ್ರೆಯ ಚಿಕಿತ್ಸೆಯಷ್ಟೇ ಫಲ ಕೊಟ್ಟಿತೆಂದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದೇ ಪದ್ಧತಿಯನ್ನು ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡು ವೈದ್ಯರಿಗೂ ಆಪ್ತಸಲಹೆಗಾರರಿಗೂ ಪಾಠ ಹೇಳುತ್ತ ಬಂದಿದೆ. ಛತ್ತೀಸಗಢದ ಹಿಂದುಳಿದ ಜಿಲ್ಲೆಗಳ ಸಲಹೆಗಾರರೂ ಇದರಿಂದ ತರಬೇತಿ ಪಡೆದಿದ್ದಾರೆ. ಅಲ್ಲಿಯವರಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯ?

ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ ೩೦ ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ೨೦೦೨ರ ವೈದ್ಯಕೀಯ ನೀತಿಸಂಹಿತೆಯೇ ವಿಧಿಸಿತು. ಆ ೩೦ರಲ್ಲಿ ಕೆಲವು ಗಂಟೆಗಳನ್ನಾದರೂ ವ್ಯಸನಕ್ಕೂ ನೋವಿನ ಉಪಶಮನಕ್ಕೂ ಮೀಸಲಿಡಿರೆಂದು ವೈದ್ಯಬಂಧುಗಳಲ್ಲಿ ನಮ್ಮ ಬಿನ್ನಹ.

ಹಾಗೆ ಕಲಿಯಬೇಕಾದವುಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಇವು ಮನೆಮಂದಿಗೂ ಬೇಕಾದವು.

ಒಂದು. ತಪಸ್ಸುಕಾಲ ಬಂತೆಂದರೆ ನಮ್ಮಲ್ಲಿ ಅನೇಕರು ಕುಡಿತ ಬಿಡುವ ವ್ರತ ಹಿಡಿಯುತ್ತಾರೆ. ಸಂಕಲ್ಪ ಪವಿತ್ರವಾದುದು. ಆದರೆ ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿಯುತ್ತ ಬಂದವನು ವಿಭೂತಿ ಬುಧವಾರದಂದು ಒಮ್ಮೆಲೇ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಮೈನಡುಕ, ಅಪಸ್ಮಾರದಂಥ ಸೆಳವು, ಭ್ರಮೆ ತೋರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರು ವೈದ್ಯರ ಆರೈಕೆಯಲ್ಲಿಯೇ ಬಿಡಬೇಕು. ವ್ರತಕ್ಕೆ ಇದರಿಂದ ಭಂಗವೇನೂ ಇಲ್ಲ.

ಎರಡು. ಅಫೀಮು ವರ್ಗದ ಪದಾರ್ಥವನ್ನು ಬಿಟ್ಟಾಗ ಕಣ್ಣುಮೂಗಿನಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ, ಮೈಕೈ ಸೆಳೆತ, ಭೇದಿ, ನಿದ್ರಾನಾಶ ಕಾಣಿಸುತ್ತವೆ. ಇದನ್ನು ನಟನೆಯೆಂದು ಹೀಯಾಳಿಸಬಾರದು. ಕೆಲವು ವಾರ ಬಿಟ್ಟಿದ್ದವನ ದೇಹಕ್ಕೆ ಹಿಂದಿನ ಪ್ರಮಾಣವನ್ನು ತಡೆಯುವ ಶಕ್ತಿ ಇರುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನಗಳೇ ಹೆಚ್ಚು ಅಪಾಯದ ದಿನಗಳೆಂಬುದನ್ನು ಮನೆಯವರಿಗೆ ತಿಳಿಸಲೇಬೇಕು. ಉಸಿರು ಕುಂದಿ, ಕಣ್ಣಿನ ಪಾಪೆ ಸೂಜಿಮೊನೆಯಂತಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಲಾಕ್ಸೋನ್ ಎಂಬ ಔಷಧ ಸಕಾಲಕ್ಕೆ ದೊರೆತರೆ ಜೀವ ಉಳಿದೀತು.

ಮೂರು. ಬ್ಯೂಪ್ರಿನಾರ್ಫಿನ್ ಅಥವಾ ಮೆಥಡೋನನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಬಹುಕಾಲ ಕೊಡುವ ಚಿಕಿತ್ಸೆಯುಂಟು. ಒಂದು ಚಟಕ್ಕೆ ಬದಲಾಗಿ ಇನ್ನೊಂದು ಚಟವೆಂದು ಅದನ್ನು ಆಡಿಕೊಳ್ಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡರೆ ಯಾರೂ ಹಾಗೆ ಹೇಳುವುದಿಲ್ಲ. ಈ ಚಿಕಿತ್ಸೆಯಲ್ಲಿರುವವರಲ್ಲಿ ಸಾವು ಬಹಳ ಕಡಿಮೆ. ಅವರು ದುಡಿಯುತ್ತಾರೆ, ಸಂಸಾರ ಸಾಗಿಸುತ್ತಾರೆ. ನಮ್ಮ ಆ ಯುವಕನಿಗೆ ನಾವು ಹೇಳಬೇಕಾಗಿದ್ದ ಮಾತು ಇದು. ಅಂದು ನಮಗೆ ಇದು ಗೊತ್ತಿರಲಿಲ್ಲ.

ಭಕ್ತಬಾಂಧವರಲ್ಲಿಯೂ ಒಂದು ಮಾತು. ವ್ಯಸನಿಯ ಮನೆಯನ್ನು ಊರು ಮೊದಲು ದೂರ ಮಾಡುತ್ತದೆ. ಅವನ ತಾಯಿ ಬಲಿಪೂಜೆಯಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾಳೆ, ಹೆಂಡತಿ ನೆರೆಯವರೊಡನೆ ಮಾತು ಕಡಿಮೆ ಮಾಡುತ್ತಾಳೆ. ಅವರನ್ನು ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದಕ್ಕೆ ವೈದ್ಯವಿದ್ಯೆ ಬೇಕಿಲ್ಲ. ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಗೂ ವ್ಯಸನಮುಕ್ತಿಯ ೧೪೪೪೬ ಸಂಖ್ಯೆಗೂ ಹಣವಿಲ್ಲದೆ ಕರೆ ಮಾಡಿ ಸಲಹೆ ಪಡೆಯಬಹುದೆಂದು ಅವರಿಗೆ ತಿಳಿಸಿರಿ.

ಈ ದಾರಿಯಲ್ಲಿ ನಮಗೆ ಹಿರಿಯರಿದ್ದಾರೆ. ಆಸ್ಟ್ರೇಲಿಯಾದಿಂದ ೧೯೨೦ರಲ್ಲಿ ಗುಂಟೂರಿಗೆ ಬಂದ ವೈದ್ಯೆ ಭಗಿನಿ ಡಾ. ಮೇರಿ ಗ್ಲೌರಿಯವರು ರೋಗಿಗಳನ್ನು ನೋಡುವುದರ ಜೊತೆಗೆ ದಾದಿಯರಿಗೂ ಸೂಲಗಿತ್ತಿಯರಿಗೂ ಕಂಪೌಂಡರುಗಳಿಗೂ ವಿದ್ಯೆ ಕಲಿಸಿದರು. ೧೯೪೩ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವರ ಕನಸು, ಅವರು ತೀರಿಕೊಂಡ ಆರು ವರ್ಷಗಳ ಮೇಲೆ, ೧೯೬೩ರಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ರೂಪದಲ್ಲಿ ಕೈಗೂಡಿತು.

ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯವೆಂದು ಬಾಲ್ಯದ ಧರ್ಮೋಪದೇಶದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅರಿಯದವರಿಗೆ ಅರಿವು ನೀಡುವುದೂ ಅದೇ ಪಟ್ಟಿಯಲ್ಲಿದೆ. ಆ ಅರಿಯದವರಲ್ಲಿ ಮೊದಲಿಗರು ನಾವೇ ಎಂದು ತಿಳಿದು, ಈ ಶತಮಾನೋತ್ಸವದ ವರ್ಷದಿಂದ ತಿಂಗಳಿಗೊಂದು ಸಂಜೆ ನಾವೆಲ್ಲ ಆರೋಗ್ಯಸೇವಕರು ಧರ್ಮಕೇಂದ್ರದ ಸಭಾಂಗಣದಲ್ಲಿ ಕುಳಿತು ಕಲಿಯೋಣ. ಸಂತ ಮಾರ್ಕರಂತೆ ಮೂವತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಲ್ಲುವ ಗತಿ ನಮ್ಮಲ್ಲಿ ಯಾರಿಗೂ ಬಾರದಿರಲಿ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟುಕಟ್ಟಿದ ಸಮಾರಿಯದವನ ಕೈಗುಣವನ್ನು ಕ್ರಿಸ್ತಪ್ರಭುವು ನಮಗೂ ದಯಪಾಲಿಸಲೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.