ಅಜ್ಜಿಗೆ ಹೇಳಿದ ಶಿಕಾಗೋ ಕಥೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ "ಓದಿನ ಬಗ್ಗೆ ಒಂದಿಷ್ಟು ಮಾತಾಡಪ್ಪ" ಅಂದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ಬಗ್ಗೆ ಹೇಳುತ್ತಾನೆ ಅಂತ ಮಕ್ಕಳು ಕಾದಿರಬಹುದು. ಅದನ್ನು ಊಟ ಆದಮೇಲೆ ಕೇಳಿ, ಎಷ್ಟು ಹೊತ್ತಾದರೂ ಕೂತು ಹೇಳುತ್ತೇನೆ. ಈಗ ನಾನು ಹೇಳಹೊರಟಿರುವುದು ಒಂದು ಕಥೆ ಪುಸ್ತಕದ ವಿಚಾರ, ಮತ್ತು ಅದನ್ನು ಓದಿ ಸಿಟ್ಟಾದವರ ವಿಚಾರ. ಸಿಟ್ಟಾದವರಲ್ಲಿ ನಾನೂ ಒಬ್ಬ. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ನಮ್ಮಜ್ಜಿಯೂ ಒಬ್ಬಳು.

ಪುಸ್ತಕದ ಹೆಸರು 'ಬ್ಯಾಟಲ್ ಗ್ರೌಂಡ್'. ಜಿಮ್ ಬುಚರ್ ಎಂಬ ಅಮೆರಿಕದ ಲೇಖಕರು ಬರೆಯುತ್ತಾ ಬಂದಿರುವ 'ಡ್ರೆಸ್ಡನ್ ಫೈಲ್ಸ್' ಸರಣಿಯ ಹದಿನೇಳನೇ ಕಾದಂಬರಿ. ಮೊದಲನೆಯದು 2000ದಲ್ಲಿ ಬಂತು, ಇದು 2020ರ ಸೆಪ್ಟೆಂಬರ್‌ನಲ್ಲಿ. ಕಥೆ ನಡೆಯುವುದು ಶಿಕಾಗೋದಲ್ಲಿ. ನಾವು ಓದುವಾಗ ಶಿಕಾಗೋ ಅಂದರೆ ವಿವೇಕಾನಂದರು 1893ರಲ್ಲಿ ಭಾಷಣ ಮಾಡಿದ ಊರು, ಅಷ್ಟೇ. ಅದೇ ಊರಿನಲ್ಲಿ ಹ್ಯಾರಿ ಡ್ರೆಸ್ಡನ್ ಎಂಬುವನು ಟೆಲಿಫೋನ್ ಡೈರೆಕ್ಟರಿಯಲ್ಲಿ 'ಮಾಂತ್ರಿಕ' ಅಂತ ಹೆಸರು ಹಾಕಿಸಿಕೊಂಡು ಕೂತಿದ್ದಾನೆ. ಮಂತ್ರ ಬಲ್ಲವನು, ಆದರೆ ಬಾಡಿಗೆ ಕಟ್ಟಲು ಪರದಾಡುತ್ತಾನೆ. ಅವನು ಹತ್ತಿರ ಸುಳಿದರೆ ಸಾಕು, ಯಂತ್ರಗಳು ಕೆಟ್ಟು ಕೂರುತ್ತವೆ, ಹಾಗಾಗಿ ಕಂಪ್ಯೂಟರ್ ಮುಟ್ಟುವಂತಿಲ್ಲ. ನಮ್ಮ ಆಫೀಸಿನಲ್ಲೂ ಅಂಥವರು ಇಬ್ಬರಿದ್ದಾರೆ, ಅವರಿಗೆ ಮಂತ್ರ ಮಾತ್ರ ಬರುವುದಿಲ್ಲ.

ಈ ಬಗೆಯ ಕಥೆಗೆ 'ಅರ್ಬನ್ ಫ್ಯಾಂಟಸಿ' ಅನ್ನುತ್ತಾರೆ. ರಾಜರ ಕಾಲದ ಕಾಡಿನಲ್ಲಲ್ಲ, ಬಸ್ಸು, ಪೊಲೀಸ್ ಸ್ಟೇಷನ್ನು, ಆಸ್ಪತ್ರೆ ಇರುವ ಇವತ್ತಿನ ಪಟ್ಟಣದೊಳಗೇ ದೆವ್ವ, ರಕ್ತ ಕುಡಿಯುವವರು, ಹಳೆಯ ದೇವತೆಗಳು ಓಡಾಡುವ ಕಥೆ. ನಮ್ಮೂರಿನವರಿಗೆ ಇದರಲ್ಲಿ ಅಂಥ ಹೊಸತೇನೂ ಕಾಣದು. ಕಬ್ಬಾಳಮ್ಮನ ಗುಡಿಗೆ ಬಂದವರು ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿಕೊಂಡು ಹೋಗುವುದನ್ನು ನೋಡುತ್ತಾ ಬೆಳೆದವರು ನಾವು.

ಗುರುಗಳಿಗಾಗಿ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಈ ಬುಚರ್ ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಕಥೆ ಬರೆಯುವುದನ್ನು ಕಲಿಯುತ್ತಿದ್ದಾಗ ಡೆಬೊರಾ ಚೆಸ್ಟರ್ ಅನ್ನುವ ಮೇಡಂ ಹೇಳಿದ್ದು ಯಾವುದೂ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲವಂತೆ. ಕೊನೆಗೆ, ಇವರು ಹೇಳಿದಂತೆಯೇ ಬರೆದರೆ ಎಷ್ಟು ಕೆಟ್ಟದಾಗಿ ಬರುತ್ತದೆ ಅಂತ ತೋರಿಸಿಯೇ ಬಿಡುತ್ತೇನೆ ಅಂತ ಹಠಕ್ಕೆ ಬಿದ್ದು ಬರೆದರು. ಅದೇ ಈ ಸರಣಿಯ ಮೊದಲ ಪುಸ್ತಕವಾಯಿತು. ನಮ್ಮ ಬ್ಯಾಚಿನಲ್ಲೂ ಮೇಷ್ಟ್ರು ಹೇಳಿದ್ದು ತಪ್ಪು ಅಂತ ತೋರಿಸಲು ಹೊರಟವರು ಬಹಳ ಜನ ಇದ್ದೆವು. ಹೇಳಿದಂತೆ ಮಾಡಿ ತೋರಿಸಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಸರಣಿಯಲ್ಲಿ ನನಗೆ ಎಲ್ಲರಿಗಿಂತ ಹಿಡಿಸಿದ್ದು ಮಾಂತ್ರಿಕನಲ್ಲ, ಕರಿನ್ ಮರ್ಫಿ ಅನ್ನುವ ಪೊಲೀಸ್ ಅಧಿಕಾರಿ. ಐದಡಿ ಎತ್ತರದ ಹೆಂಗಸು, ಮಂತ್ರ ತಂತ್ರ ಒಂದೂ ಬಾರದು. ಮೊದಲ ಪುಸ್ತಕದಿಂದಲೂ ಇದ್ದಾಳೆ. ದೆವ್ವವೋ ರಾಕ್ಷಸನೋ, ಎದುರಿಗೆ ಏನು ಬಂದರೂ ಹಿಂದಕ್ಕೆ ಸರಿಯುವವಳಲ್ಲ. ಇವರ ಸಹವಾಸದಿಂದಲೇ ಕೆಲಸವನ್ನೂ ಕಳೆದುಕೊಂಡಳು. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ನನಗೆ ಈ ಸರಣಿ ಸಿಕ್ಕಿತು. ಅಲ್ಲಿಂದ ಹತ್ತು ವರ್ಷ ಅವಳ ಜೊತೆಗೇ ಬಂದೆ.

ಓದುಗರ ಸಿಟ್ಟು ಅರ್ಥವಾಗಬೇಕಾದರೆ ಹಿಂದಿನದು ಸ್ವಲ್ಪ ಗೊತ್ತಿರಬೇಕು. 2010ರಲ್ಲಿ ಬಂದ ಹನ್ನೆರಡನೇ ಪುಸ್ತಕ 'ಚೇಂಜಸ್'ನ ಕೊನೆಯಲ್ಲಿ ನಾಯಕನಿಗೇ ಗುಂಡು ಬಿದ್ದು ಅವನು ಸರೋವರಕ್ಕೆ ಉರುಳಿಹೋಗುತ್ತಾನೆ. ಮುಂದಿನ ಪುಸ್ತಕಕ್ಕೆ ಒಂದು ವರ್ಷದ ಮೇಲೆ ಕಾದೆವು. 2011ರಲ್ಲಿ ಅವನು ಪ್ರೇತವಾಗಿ ಬಂದ, ಆಮೇಲೆ ಮನುಷ್ಯನಾಗಿಯೂ ಎದ್ದು ಬಂದ. ಅಲ್ಲಿಂದ ನಮಗೆಲ್ಲ ಒಂದು ಧೈರ್ಯ ಬಂದುಬಿಟ್ಟಿತ್ತು, ಈ ಮನುಷ್ಯ ನಮ್ಮವರನ್ನು ಹೆದರಿಸುತ್ತಾನೆ, ಸಾಯಿಸುವುದಿಲ್ಲ ಅಂತ. 2014ರಲ್ಲಿ ಹದಿನೈದನೆಯದು ಬಂದಮೇಲೆ ಆರು ವರ್ಷ ಕಾದಂಬರಿಯೇ ಇಲ್ಲ. 2020ರ ಜುಲೈನಲ್ಲಿ 'ಪೀಸ್ ಟಾಕ್ಸ್' ಬಂತು, ಓದಿದರೆ ಅರ್ಧ ಊಟಕ್ಕೆ ಎಬ್ಬಿಸಿದ ಹಾಗಿತ್ತು. ಒಂದೇ ಪುಸ್ತಕವಾಗಿ ಬರೆದದ್ದನ್ನು ಎರಡು ಮಾಡಿದ್ದರು. ನಮ್ಮ ಕಸುಬಿನಲ್ಲೂ ಮುಗಿಯದ ಕೆಲಸವನ್ನು ಮೊದಲ ಕಂತು ಅಂತ ಕೊಟ್ಟು ಕೈತೊಳೆದುಕೊಳ್ಳುವುದುಂಟು, ಹಾಗಾಗಿ ನಾನು ಹೆಚ್ಚು ಮಾತಾಡಲಿಲ್ಲ. ಎರಡು ತಿಂಗಳಿಗೆ ಎರಡನೇ ಅರ್ಧ ಬಂತು. ಅದೇ 'ಬ್ಯಾಟಲ್ ಗ್ರೌಂಡ್'.

ಪುಸ್ತಕದ ಹೆಚ್ಚಿನ ಭಾಗ ಒಂದೇ ರಾತ್ರಿಯ ಕಥೆ. ಹಳೆಯ ಕಾಲದ ಒಬ್ಬ ದೈತ್ಯೆ ಶಿಕಾಗೋದ ಮೇಲೆ ದಂಡೆತ್ತಿ ಬರುತ್ತಾಳೆ. ಊರಿಡೀ ಕರೆಂಟು ಹೋಗುತ್ತದೆ. ಮರ್ಫಿಯ ಮೈಯೆಲ್ಲ ಹಳೇ ಗಾಯ, ಬಾ ಅಂತ ಕರೆದವರೂ ಇಲ್ಲ, ಆದರೂ ಬರುತ್ತಾಳೆ. ಮರದೆತ್ತರದ ರಾಕ್ಷಸನೊಬ್ಬನನ್ನು ರಾಕೆಟ್ ಲಾಂಚರ್‌ನಿಂದ ಹೊಡೆದು ಕೆಡವುತ್ತಾಳೆ. ಓದುತ್ತಾ ನಾನು ಎದ್ದು ನಿಂತಿದ್ದೆ. ಅದಾದ ಸ್ವಲ್ಪ ಹೊತ್ತಿಗೆ ರುಡಾಲ್ಫ್ ಅನ್ನುವ ಅವಳ ಹಳೆಯ ಇಲಾಖೆಯ ಪೊಲೀಸಿನವನು ಗಾಬರಿಬಿದ್ದು, ಟ್ರಿಗರ್ ಮೇಲೆ ಬೆರಳಿಟ್ಟುಕೊಂಡು ಪಿಸ್ತೂಲು ಆಡಿಸುತ್ತಾನೆ. ಗುಂಡು ಹಾರುತ್ತದೆ. ಅವಳು ಸಾಯುತ್ತಾಳೆ. ದೊಡ್ಡ ಮಾತಿಲ್ಲ, ಶತ್ರುವಿನ ಕೈಯಲ್ಲೂ ಅಲ್ಲ.

ಓದುಗರು ಹೊತ್ತಿ ಉರಿದರು. ಇಪ್ಪತ್ತು ವರ್ಷ ಹದಿನೇಳು ಪುಸ್ತಕದಲ್ಲಿ ಬೆಳೆಸಿದವಳನ್ನು ಹೀಗಾ ಸಾಯಿಸುವುದು ಅಂತ ಒಂದು ಕಡೆಯವರು. ಸಾವು ಬರುವುದೇ ಹೀಗೆ, ಯೋಗ್ಯತೆ ನೋಡಿ ಬರುವುದಿಲ್ಲ, ಬರೆದದ್ದು ಸರಿಯಾಗಿದೆ ಅಂತ ಇನ್ನೊಂದು ಕಡೆಯವರು. ಗಂಡಸಿಗೆ ದುಃಖ ಕೊಡಿಸಲು ಹೆಂಗಸನ್ನು ಸಾಯಿಸುವುದು ಕಥೆಗಾರರ ಹಳೇ ಚಾಳಿ ಅಂದವರೂ ಇದ್ದರು, ಆ ಮಾತನ್ನು ನಾನು ಇವತ್ತಿಗೂ ತಳ್ಳಿಹಾಕಲಾರೆ. ಇದರ ಮೇಲೆ, ಅದೇ ಪುಸ್ತಕ ಮುಗಿಯುವ ಹೊತ್ತಿಗೆ ಮಾಂತ್ರಿಕನನ್ನು ಆಳುವ ರಾಣಿ ಅವನಿಗೆ ಬೇರೊಬ್ಬಳ ಜೊತೆ ಮದುವೆ ಗೊತ್ತು ಮಾಡಿಬಿಡುತ್ತಾಳೆ. ನಮ್ಮಲ್ಲಿ ಹನ್ನೊಂದನೇ ದಿನದ ಕಾರ್ಯವಾದರೂ ಮುಗಿಯಲಿ ಅನ್ನುತ್ತಾರೆ. ಸಾವನ್ನು ಒಪ್ಪಿಕೊಂಡ ಓದುಗರೂ ಇದನ್ನು ಒಪ್ಪಲಿಲ್ಲ. ಲೇಖಕರು ಎಡವಿದ್ದು ಇಲ್ಲಿ ಅಂತಲೇ ನನ್ನ ಅನಿಸಿಕೆ.

ಓದುಗರ ಇಂಥ ಸಿಟ್ಟು ಹೊಸದೇನಲ್ಲ. ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ ಅದೇ 1893ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಸ್ಟ್ರಾಂಡ್ ಪತ್ರಿಕೆಯಲ್ಲಿ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿ ಮುಗಿಸಿದರು. 20,000 ಜನ ಚಂದಾ ನಿಲ್ಲಿಸಿದರು ಅಂತ ಹೇಳಿಕೊಂಡು ಬಂದಿದ್ದಾರೆ. ಕೊನೆಗೆ 1903ರಲ್ಲಿ ಡಾಯ್ಲ್ ಅವನನ್ನು ಬದುಕಿಸಿ ತರಬೇಕಾಯಿತು. ಮರ್ಫಿಯನ್ನೂ ಹಾಗೇ ತರಬಹುದು ಅಂತ ನಾನು ಮೂರು ವಾರ ಲೆಕ್ಕ ಹಾಕಿದೆ. ಮೂವತ್ತು ದಾಟಿದ, ತಿಂಗಳ ಸಂಬಳ ತರುವ ಮನುಷ್ಯ, ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಯಾವ ಮಂತ್ರದಿಂದ ಇವಳು ಎದ್ದಾಳು ಅಂತ ಹಳೇ ಪುಸ್ತಕಗಳನ್ನು ತಿರುವುತ್ತಿದ್ದೆ.

ಆಗ ನಾನಿದ್ದದ್ದು ಇಲ್ಲೇ, ಊರಿನಲ್ಲಿ. ಕೊರೊನಾ ಅಂತ ಆಫೀಸು ಮನೆಗೇ ಬಂದಿತ್ತು. ಹಗಲು ಸಿಗ್ನಲ್ಲಿಗಾಗಿ ತಾರಸಿ ಮೇಲೆ ಕೂತು ಕೆಲಸ, ಸಂಜೆ ಹುಳು ಮನೆಯಲ್ಲಿ ಅಜ್ಜಿಯ ಜೊತೆ ಸೊಪ್ಪು ಹಾಕುವ ಕೆಲಸ. ನಾಲ್ಕನೇ ಜ್ವರ ಎದ್ದ ಹುಳು ಹೇಗೆ ತಿನ್ನುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೈ ಬಿಡುವಿಲ್ಲ, ಬಾಯಿ ಮಾತ್ರ ಬಿಡುವು. ಅಜ್ಜಿಗೆ ಕಥೆ ಬೇಕು. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ಅಂದರೆ ಅವಳಿಗೆ ಪ್ರಾಣ. ಗಂಡ ನೀಲೇಗೌಡ ಭಾಷೆ ಕೊಡು ಅಂತ ಸಂಕಮ್ಮನನ್ನು ಹಿಂಸೆ ಮಾಡಿ ಕಾಡಿಗೆ ಹೋದಮೇಲೆ, ಮಾದಪ್ಪ ಜಂಗಮನಾಗಿ ಬಂದು ಅವಳನ್ನು ಬಿಡಿಸುವ ತನಕ ಅಜ್ಜಿ ಕೂತ ಜಾಗದಿಂದ ಏಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಬೈಗುಳ. ಆ ಅಜ್ಜಿಗೆ ನಾನು ಈ ಶಿಕಾಗೋ ಕಥೆಯನ್ನು ಮೊದಲ ಪುಸ್ತಕದಿಂದ ದಿನಕ್ಕಿಷ್ಟು ಅಂತ ಹೇಳುತ್ತಾ ಬಂದಿದ್ದೆ. ಮಾಂತ್ರಿಕ ಅಂದರೆ ಅವಳಿಗೆ ಅಷ್ಟಕ್ಕಷ್ಟೇ. "ಆ ಪೋಲೀಸ್ನೋಳು ಏನ್ ಮಾಡುದ್ಲು ಹೇಳ್ಲಾ" ಅನ್ನುತ್ತಿದ್ದಳು.

ಆ ಸಂಜೆ ಬಂದಾಗ ನನಗೆ ಬಾಯಿ ಬರಲಿಲ್ಲ. ಗುಂಡು ತಗುಲಿತು, ಆಸ್ಪತ್ರೆಗೆ ಸೇರಿಸಿದರು ಅಂದೆ.

ಅಜ್ಜಿ ಸೊಪ್ಪು ಹರಡುತ್ತಲೇ ಕೇಳಿದಳು. "ಯಾವಾಸ್ಪತ್ರೆಲಾ?"

"ದೊಡ್ಡಾಸ್ಪತ್ರೆ ಕಣಜ್ಜಿ."

"ರಾತ್ರಿ ಜೊತೇಲಿ ಯಾರ್ ಮಲ್ಗುದ್ರು?"

ನಾನು ತಡವರಿಸಿದೆ. ಅಜ್ಜಿ ಕೈ ನಿಲ್ಲಿಸಿದಳು. "ಸತ್ತೋದ್ಲು ಅಲ್ವಾ? ಅವತ್ತೂ ಹಿಂಗೇ ಅಂದಿದ್ರಿ."

ಅವತ್ತು ಅಂದರೆ ಯಾವತ್ತು ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ನಮ್ಮಣ್ಣನೂ ಇದೇ ಶಾಲೆಯವನು, ನನಗಿಂತ ಮೂರು ವರ್ಷ ಮುಂದೆ. ಖೋ ಖೋದಲ್ಲಿ ಅವನನ್ನು ಮುಟ್ಟಿದವರಿಲ್ಲ. ಹೆಸರು ಹೇಳುವುದಿಲ್ಲ, ಹೇಳಿದರೆ ನನಗೆ ಮಾತು ಮುಂದುವರಿಸಲು ಆಗುವುದಿಲ್ಲ. 2018ರಲ್ಲಿ ಸಾತನೂರಿನ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದಾಗ, ಕಾರು ಓಡಿಸುವುದನ್ನು ಇನ್ನೂ ಕಲಿಯುತ್ತಿದ್ದ ಒಬ್ಬ ಹುಡುಗ ಬ್ರೇಕು ಅಂತ ಇನ್ನೊಂದನ್ನು ತುಳಿದ. ಅಷ್ಟೇ. ಅಣ್ಣನ ತಪ್ಪಿಲ್ಲ, ಹೆಲ್ಮೆಟ್ ಇತ್ತು, ಹೊತ್ತೂ ಮುಳುಗಿರಲಿಲ್ಲ. ಅಜ್ಜಿಗೆ ಹೇಗೆ ಹೇಳುವುದು ಅಂತ ತಿಳಿಯದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ನೋಡುತ್ತಿದ್ದಾರೆ ಅಂತ ಮರುದಿನದವರೆಗೂ ಸುಳ್ಳು ಹೇಳಿದ್ದೆವು. ಆಂಬುಲೆನ್ಸ್ ಬಾಗಿಲಿಗೆ ಬಂದಮೇಲೆಯೇ ಅವಳಿಗೆ ಗೊತ್ತಾದದ್ದು. ಆ ಸುಳ್ಳು ಮೊದಲು ಹೇಳಿದವನು ನಾನೇ.

ಎರಡು ವರ್ಷ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ಅವನು ಹೀಗೆ ಹೋಗಬೇಕಾದವನಲ್ಲ. ಮರ್ಫಿಯ ಬಗ್ಗೆ ಎಲ್ಲೋ ಕೂತ ಓದುಗರು ಅಂದದ್ದೂ ಅದೇ ಮಾತು. ನಾನು ಮೂರು ವಾರ ನಿದ್ದೆಗೆಟ್ಟು ಹುಡುಕಿದ್ದು ಯಾರಿಗಾಗಿ ಅಂತ ನನಗೆ ಹೊಳೆದದ್ದು ಆ ಹುಳು ಮನೆಯಲ್ಲಿ, ಅಜ್ಜಿ ನನ್ನ ಮುಖ ನೋಡಿದಾಗ.

ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಮಾದಪ್ಪನಂಗೆ ಯಾರೂ ಬರ್ನಿಲ್ವಾ?" ಬರಲಿಲ್ಲ ಅಂದೆ. ಮಾಂತ್ರಿಕ ಪಕ್ಕದಲ್ಲೇ ಇದ್ದ, ಅವನ ಕೈಯಲ್ಲೂ ಏನೂ ಆಗಲಿಲ್ಲ.

"ಹೊಡ್ದೋನ್ಗೆ ಏನ್ ಮಾಡುದ್ರು?"

ಮಾಂತ್ರಿಕ ಹುಚ್ಚು ಹಿಡಿದವನಂತೆ ಅವನನ್ನು ಕೊಲ್ಲಲು ಅಟ್ಟಿಸಿಕೊಂಡು ಹೋದದ್ದನ್ನು, ಇಬ್ಬರು ಗೆಳೆಯರು ಅಡ್ಡ ನಿಂತು, ಬಡಿದಾಡಿ ತಡೆದದ್ದನ್ನು ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಅವತ್ತು ನಮ್ಮ ಚಿಕ್ಕಪ್ಪ ದೊಣ್ಣೆ ಹಿಡಿದು ಆ ಹುಡುಗನ ಮನೆಗೆ ಹೊರಟಾಗ ನಮ್ಮ ಹೊಸ್ತಿಲಿಗೆ ಅಡ್ಡ ನಿಂತವರು ಇದೇ ಶಾಲೆಯ ಮೇಷ್ಟ್ರು. ಅವರು ಈಗಲೂ ಇಲ್ಲಿ ಕೂತಿದ್ದಾರೆ, ತಲೆ ತಗ್ಗಿಸಿಕೊಂಡಿದ್ದಾರೆ. ಸಾರ್, ಅವತ್ತು ಅಜ್ಜಿ ನಿಮ್ಮನ್ನು ಬಾಯಿಗೆ ಬಂದಂತೆ ಬೈದಳು. ಎರಡು ವರ್ಷ ಆದಮೇಲೆ, ಶಿಕಾಗೋದ ಕಥೆ ಕೇಳಿ, "ತಡ್ದೋರು ಒಳ್ಳೇದೇ ಮಾಡುದ್ರು ಬುಡು" ಅಂದಳು. ಈ ಮಾತನ್ನು ನಿಮಗೆ ತಲುಪಿಸುವುದಕ್ಕಾಗಿಯೇ ನಾನು ಇವತ್ತು ಮಾತಾಡಲು ಒಪ್ಪಿಕೊಂಡದ್ದು.

ಕಥೆಯಲ್ಲಿ ಇನ್ನೊಂದು ಸಂಗತಿ ಉಳಿದಿತ್ತು. ಮರ್ಫಿಯನ್ನು ವೀರಸ್ವರ್ಗಕ್ಕೆ ಒಯ್ಯುತ್ತಾರೆ. ಅಲ್ಲಿಂದ ಭೂಮಿಗೆ ಮರಳಿ ಬರುವುದಕ್ಕೆ ದಾರಿಯೂ ಇದೆ, ಆದರೆ ಒಂದು ಕಟ್ಟಳೆ. ಅವಳನ್ನು ಬಲ್ಲವರ ಮನಸ್ಸಿನಲ್ಲಿ ಅವಳ ನೆನಪು ಅಳಿದುಹೋಗಬೇಕು. ನೆನೆಯುವವರು ಇರುವ ತನಕ ಬರುವಂತಿಲ್ಲ. ಇದನ್ನು ಓದಿ ನನಗೆ ಲೇಖಕರ ಮೇಲೆ ಇನ್ನಷ್ಟು ಸಿಟ್ಟು ಬಂದಿತ್ತು. ಬದುಕಿಸಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ ಅಂತ. ಹೇಳಲೋ ಬೇಡವೋ ಅಂದುಕೊಂಡೇ ಅಜ್ಜಿಗೆ ಹೇಳಿದೆ.

ಅಜ್ಜಿ ಖಾಲಿಯಾಗಿದ್ದ ಸೊಪ್ಪಿನ ಮಂಕರಿಯನ್ನು ನನ್ನ ಕಡೆಗೆ ತಳ್ಳಿದಳು.

"ಅಂಗಾದ್ರೆ ಬರೋದೇ ಬ್ಯಾಡ ಬುಡು. ಹೋಗು, ಸೊಪ್ಪು ತತ್ತಾ."