ಯಂತ್ರದ ಪಕ್ಕದಲ್ಲಿ ಒಬ್ಬರು ಬೇಕು

(ಮಸರಕಲ್‌ನಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಅತಿಥಿಯಾಗಿ ಬಂದ ನರ್ಸ್ ಒಬ್ಬರು ಮಾಡಿದ ಭಾಷಣ)

 

2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಆಕ್ಸಿಜನ್‌ಗಾಗಿ ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಅಂದಿನಿಂದ, ದವಾಖಾನೆಗೆ ಉಸಿರಾಟದ ಯಂತ್ರ ಕೊಡಿಸೋಣವೇ ಎಂದು ಕೇಳುವ ದಾನಿಗಳಿದ್ದಾರೆ. ಆ ಯಂತ್ರ ಏನು ಮಾಡುತ್ತದೆ, ಅದರ ಜೊತೆಗೆ ಇನ್ನೇನು ಬೇಕು ಎಂಬುದನ್ನು ಹೇಳುತ್ತೇನೆ.

ದಮ್ಮು ಬೀಡಿ ಸೇದಿದವರಿಗಷ್ಟೇ ಬರುವುದಿಲ್ಲ. ಹತ್ತಿಕಟ್ಟಿಗೆ ಉರಿಸಿ ವರ್ಷಗಟ್ಟಲೆ ರೊಟ್ಟಿ ಬಡಿದ ತಾಯಂದಿರಿಗೂ ಬರುತ್ತದೆ. ಹೊಗೆಯಿಂದ ಶ್ವಾಸನಾಳ ಕಿರಿದಾಗುವ ಈ ಕಾಯಿಲೆಗೆ ವೈದ್ಯರು ಸಿಒಪಿಡಿ ಎನ್ನುತ್ತಾರೆ. ಸೋಂಕು ತಗುಲಿ ಕಾಯಿಲೆ ಉಲ್ಬಣಿಸಿದಾಗ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಸೇರುತ್ತದೆ, ರೋಗಿಗೆ ಮಂಪರು ಕವಿಯುತ್ತದೆ.

ಇಂಥವರಿಗೆ ಗಂಟಲಲ್ಲಿ ಕೊಳವೆ ಇಳಿಸುವ ಮೊದಲು ಬೈಪ್ಯಾಪ್ ಎಂಬ ಯಂತ್ರದ ಸಹಾಯ ಪಡೆಯಬಹುದು. ಮುಖಕ್ಕೆ ಮಾಸ್ಕ್ ಕಟ್ಟುತ್ತಾರೆ. ಉಸಿರು ಎಳೆದಾಗ ಯಂತ್ರ ಹೆಚ್ಚು ಒತ್ತಡದಲ್ಲಿ ಗಾಳಿ ಕೊಡುತ್ತದೆ, ಬಿಟ್ಟಾಗ ಒತ್ತಡ ಇಳಿಸುತ್ತದೆ. ಭಾರ ಎತ್ತುವವನಿಗೆ ಇನ್ನೊಬ್ಬ ಕೈಹಾಕಿದಂತೆ.

1995ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಇಂಥ 85 ರೋಗಿಗಳಿದ್ದರು. ಮಾಸ್ಕ್ ಹಾಕಿದ 43 ಜನರಲ್ಲಿ 11 ಮಂದಿಗೆ ಕೊಳವೆ ಬೇಕಾಯಿತು, 4 ಮಂದಿ ತೀರಿಕೊಂಡರು. ಹಾಕದ 42 ಜನರಲ್ಲಿ 31 ಮಂದಿಗೆ ಕೊಳವೆ ಬೇಕಾಯಿತು, 12 ಮಂದಿ ತೀರಿಕೊಂಡರು. 2000ರಲ್ಲಿ ಬ್ರಿಟನ್ನಿನ 14 ಆಸ್ಪತ್ರೆಗಳ 236 ರೋಗಿಗಳ ಅಧ್ಯಯನ ಬಂತು. ಅಲ್ಲಿ ಮಾಸ್ಕ್ ಹಾಕಿದ್ದು ಐಸಿಯುನಲ್ಲಲ್ಲ, ಸಾಮಾನ್ಯ ವಾರ್ಡಿನಲ್ಲಿ. ನೋಡಿಕೊಂಡವರು ತರಬೇತಿ ಪಡೆದ ವಾರ್ಡಿನ ನರ್ಸ್‌ಗಳು. ಆದರೂ ಸಾವು ನೂರಕ್ಕೆ 20ರಿಂದ 10ಕ್ಕೆ ಇಳಿಯಿತು.

ದಾನಿಗಳೇ, ಇದರಲ್ಲಿ ಯಂತ್ರದಷ್ಟೇ ಪಾಲು ಆ ನರ್ಸ್‌ಗಳದ್ದು. ಮಾಸ್ಕಿನ ಅಳತೆ ತಪ್ಪಿದರೆ ಗಾಳಿ ಸೋರುತ್ತದೆ, ಅತಿಯಾಗಿ ಬಿಗಿದರೆ ಮೂಗಿನ ಮೇಲೆ ಹುಣ್ಣಾಗುತ್ತದೆ. ಗಾಬರಿಯಾದ ರೋಗಿ ಮಾಸ್ಕ್ ಕಿತ್ತೆಸೆಯುತ್ತಾರೆ. ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವವರು ಬೇಕು. ಒಂದೆರಡು ತಾಸಿನೊಳಗೆ ರಕ್ತ ಪರೀಕ್ಷೆ ಮಾಡಿ, ಸುಧಾರಣೆ ಇಲ್ಲದಿದ್ದರೆ ತಡಮಾಡದೆ ಕೊಳವೆ ಹಾಕಬೇಕಾಗಬಹುದು. ಇದನ್ನು ಗುರುತಿಸುವವರು ಇಲ್ಲದಿದ್ದರೆ ಅದೇ ಮಾಸ್ಕ್ ಅಪಾಯ ತರುತ್ತದೆ.

ಮನೆಯವರಿಗೂ ಎರಡು ಮಾತು. ಮಾಸ್ಕ್ ಸರಿಸಿ ನೀರು, ಗಂಜಿ ಕುಡಿಸಬೇಡಿ. ಅದು ಶ್ವಾಸನಾಳಕ್ಕೆ ಹೋಗಬಹುದು. ನರ್ಸ್‌ಗೆ ಕೇಳಿ, ಅವರು ಬಿಡುವು ಕೊಟ್ಟಾಗ ಕೊಡಿ. ಆಕ್ಸಿಜನ್ ಹೆಚ್ಚಿಸಿ ಎಂದು ಒತ್ತಾಯಿಸಬೇಡಿ. ಸಿಒಪಿಡಿ ರೋಗಿಗೆ ಸಾಮಾನ್ಯವಾಗಿ 88ರಿಂದ 92ರ ಮಟ್ಟ ಸಾಕು. ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮಾತು ತೊದಲಿದರೆ, ಮಂಪರು ಬಂದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಮಕ್ಕಳೇ, ಡಾಕ್ಟರ್ ಸೀಟು ಸಿಗದಿದ್ದರೆ ಓದು ಮುಗಿಯಿತು ಎಂದುಕೊಳ್ಳಬೇಡಿ. ನರ್ಸಿಂಗ್ ಇದೆ. ಉಸಿರಾಟದ ಯಂತ್ರಗಳನ್ನೇ ಕಲಿಸುವ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಪದವಿಯೂ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಅದನ್ನು ಸೇರಬಹುದು. ಪಾಲಕರೇ, ರಾತ್ರಿ ಪಾಳಿ ಎಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳನ್ನು ತಡೆಯಬೇಡಿ. ರಾತ್ರಿ ಉಸಿರು ಕಟ್ಟಿದ ನಿಮ್ಮ ತಾಯಿಯ ಪಕ್ಕ ನಿಲ್ಲುವವಳೂ ಯಾರದೋ ಮಗಳೇ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಯಂತ್ರ ಕೊಡಿಸಿದಾಗ, ಅದನ್ನು ನಡೆಸುವ ಒಬ್ಬ ವಿದ್ಯಾರ್ಥಿಯ ಫೀಸನ್ನೂ ಹೊತ್ತುಕೊಳ್ಳಿ. ಯಂತ್ರ ಕೆಲವು ವರ್ಷ ಬಾಳುತ್ತದೆ. ಕಲಿತವರು ಮೂವತ್ತು ವರ್ಷ ದುಡಿಯುತ್ತಾರೆ, ಇನ್ನೂ ಹತ್ತು ಜನರಿಗೆ ಕಲಿಸುತ್ತಾರೆ.