ಗರ್ಭಾವಸ್ಥೆಯ ಅಪರೂಪದ ತೊಡಕುಗಳು: ದಂಪತಿಗಳು ಅರಿತಿರಬೇಕಾದ ಸಂಗತಿಗಳು

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಗ್ರಾಮೀಣ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಗರ್ಭಧಾರಣೆಯು ರೋಗವಲ್ಲ, ಅದು ಪ್ರಕೃತಿಸಹಜವಾದ ಕ್ರಿಯೆ. ಬಹುಪಾಲು ಗರ್ಭಿಣಿಯರು ನವಮಾಸಗಳನ್ನು ಸುಖವಾಗಿ ಕಳೆದು ಆರೋಗ್ಯವಂತ ಶಿಶುವಿಗೆ ಜನ್ಮ ನೀಡುತ್ತಾರೆ. ಪೌಷ್ಟಿಕ ಆಹಾರ, ಕಬ್ಬಿಣಾಂಶದ ಗುಳಿಗೆ, ಧನುರ್ವಾಯು ನಿರೋಧಕ ಚುಚ್ಚುಮದ್ದು ಮುಂತಾದವುಗಳ ವಿಷಯವನ್ನು ತಾವು ಆರೋಗ್ಯ ಕಾರ್ಯಕರ್ತೆಯರಿಂದ ಅನೇಕ ಬಾರಿ ಕೇಳಿರುತ್ತೀರಿ. ಇಂದು ಹೇಳಲಿರುವುದು ಅಷ್ಟಾಗಿ ಕೇಳಿಬಾರದ ನಾಲ್ಕು ತೊಡಕುಗಳನ್ನು ಕುರಿತು. ಇವು ಎಲ್ಲರಿಗೂ ಬರುವಂಥವಲ್ಲ. ಆದರೆ ಬಂದಾಗ ಇವುಗಳನ್ನು ಗುರುತಿಸುವವರು ಕಡಿಮೆ. ಹೊಟ್ಟೆನೋವನ್ನು ವಾಯುವೆಂದೂ, ರಕ್ತಸ್ರಾವವನ್ನು ದೋಷವೆಂದೂ, ಸೆಳೆತವನ್ನು ಸನ್ನಿಯೆಂದೂ ಭಾವಿಸಿ ಒಂದು ರಾತ್ರಿ ಕಾದು ಕುಳಿತರೆ, ಉಳಿಯಬಹುದಾಗಿದ್ದ ಜೀವ ಉಳಿಯದೆ ಹೋಗಬಹುದು.

ನಾಳದಲ್ಲಿ ನಿಂತ ಗರ್ಭ

ಗರ್ಭವು ಬೆಳೆಯಬೇಕಾದ ಸ್ಥಳ ಗರ್ಭಕೋಶ. ನೂರು ಗರ್ಭಗಳಲ್ಲಿ ಒಂದೆರಡು ಮಾತ್ರ ಗರ್ಭಕೋಶವನ್ನು ತಲುಪದೆ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿಯೇ, ನಿಂತುಬಿಡುತ್ತವೆ. ಅಂಡನಾಳ ಬಲು ಕಿರಿದು. ಗರ್ಭ ಬೆಳೆದಂತೆ ಅದು ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಹೊರಗೆ ಕಾಣುವುದು ಕೆಲವು ಹನಿ ಕಪ್ಪು ರಕ್ತವಷ್ಟೇ. ಒಳಗೆ ಹರಿದ ರಕ್ತ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಟ್ಟು ನಿಂತು ಆರರಿಂದ ಎಂಟು ವಾರಗಳ ಸುಮಾರಿಗೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು, ಎಚ್ಚರ ತಪ್ಪುವಿಕೆ, ಕೆಲವೊಮ್ಮೆ ಭುಜದ ತುದಿಯಲ್ಲಿ ನೋವು — ಇವು ಇದರ ಲಕ್ಷಣಗಳು. ಮೂತ್ರ ಪರೀಕ್ಷೆಯು ಗರ್ಭ ಉಂಟೆಂದು ತಿಳಿಸೀತೇ ಹೊರತು ಎಲ್ಲಿ ನಿಂತಿದೆಯೆಂದು ತಿಳಿಸದು. ಅದಕ್ಕೆ ಸ್ಕ್ಯಾನಿಂಗ್ ಆಗಬೇಕು.

ಈ ಸಂದರ್ಭದಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಥವಾ ಕಾಪರ್-ಟಿ ಧರಿಸಿದವರು ಗರ್ಭ ಧರಿಸುವುದು ಬಲು ವಿರಳ. ಆದರೆ ಅಕಸ್ಮಾತ್ ಧರಿಸಿದರೆ ಆ ಗರ್ಭ ನಾಳದಲ್ಲಿ ನಿಂತಿರುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ "ಆಪರೇಷನ್ ಆಗಿದೆ, ಗರ್ಭವಿರಲಾರದು" ಎಂದು ನೋವನ್ನು ಅಲಕ್ಷಿಸಕೂಡದು. ಎರಡನೆಯದಾಗಿ, ಬೇಡವಾದ ಗರ್ಭಕ್ಕೆ ಔಷಧದ ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗಬಾರದು. ನಾಳದಲ್ಲಿರುವ ಗರ್ಭ ಆ ಗುಳಿಗೆಗಳಿಂದ ಹೋಗುವುದಿಲ್ಲ. ರಕ್ತ ಕಂಡು ಎಲ್ಲವೂ ಮುಗಿಯಿತೆಂದು ನಂಬಿರುವಾಗಲೇ ನಾಳ ಒಡೆಯಬಹುದು. ಗರ್ಭಪಾತವು 1971ರ ಕಾಯಿದೆಯ ಮೇರೆಗೆ ಗೊತ್ತುಪಡಿಸಿದ ಸಂದರ್ಭಗಳಲ್ಲಿ ವೈದ್ಯರ ಮೂಲಕ ಆಗಬೇಕಾದ ಕಾರ್ಯ. ಅದನ್ನು ಬಚ್ಚಿಟ್ಟು ಮಾಡುವ ಅಗತ್ಯವಿಲ್ಲ.

ಬೇಗ ಪತ್ತೆಯಾದಲ್ಲಿ ಹಲವರಿಗೆ ಔಷಧದಿಂದಲೇ ಗುಣವಾಗುತ್ತದೆ. ನಾಳ ಒಡೆದಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಒಂದು ನಾಳ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ.

ದ್ರಾಕ್ಷಿಗೊಂಚಲಿನಂಥ ಗರ್ಭ

ಸಾವಿರ ಗರ್ಭಗಳಲ್ಲಿ ಒಂದೆರಡರಲ್ಲಿ ಶಿಶು ರೂಪುಗೊಳ್ಳದೆ, ಮಾಸು ಮಾತ್ರ ನೀರು ತುಂಬಿದ ಸಣ್ಣ ಗುಳ್ಳೆಗಳಾಗಿ, ದ್ರಾಕ್ಷಿಗೊಂಚಲಿನ ಹಾಗೆ ಬೆಳೆಯುತ್ತದೆ. ವಿಪರೀತ ವಾಂತಿ, ತಿಂಗಳಿಗೆ ಮೀರಿ ದೊಡ್ಡದಾದ ಹೊಟ್ಟೆ, ಮೂರು ನಾಲ್ಕನೆಯ ತಿಂಗಳಲ್ಲೇ ರಕ್ತಸ್ರಾವ ಇದರ ಗುರುತುಗಳು. ಇದನ್ನು ನಾಗದೋಷವೆಂದೋ, ದೈವದ ಮುನಿಸೆಂದೋ, ಯಾರದೋ ಕಣ್ಣು ತಾಗಿತೆಂದೋ ಹೇಳಿ ಸೊಸೆಯನ್ನು ನೋಯಿಸುವವರಿದ್ದಾರೆ. ನಿಜವಾದ ಕಾರಣ ಬೇರೆ. ಫಲಿತಗೊಂಡ ಅಂಡದಲ್ಲಿ ತಾಯಿ ತಂದೆಯರಿಬ್ಬರ ವಂಶವಾಹಿಗಳೂ ಸಮವಾಗಿ ಸೇರಬೇಕು. ಪೂರ್ಣರೂಪದ ಇಂಥ ಗರ್ಭದಲ್ಲಿ ತಾಯಿಯ ಪಾಲು ಇಲ್ಲವಾಗಿ ತಂದೆಯ ಪಾಲು ಮಾತ್ರ ಇರುತ್ತದೆ. ಇದು ಇಬ್ಬರ ತಪ್ಪೂ ಅಲ್ಲ. ದೈವ ದೇವರಿಗೆ ಹರಕೆ ಹೊರುವುದು ತಮ್ಮ ಶ್ರದ್ಧೆಗೆ ಬಿಟ್ಟದ್ದು. ಆದರೆ ಅದಕ್ಕಾಗಿ ಆಸ್ಪತ್ರೆಯ ದಾರಿಯನ್ನು ಮುಂದೂಡಬೇಡಿರಿ.

ಆಸ್ಪತ್ರೆಯಲ್ಲಿ ಗರ್ಭಕೋಶವನ್ನು ಶುಚಿಗೊಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಕೆಲವರಲ್ಲಿ ಈ ಅಂಗಾಂಶ ಉಳಿದು ಮತ್ತೆ ಬೆಳೆಯುತ್ತದೆ. ಅಪರೂಪಕ್ಕೆ ಕ್ಯಾನ್ಸರ್ ಆಗಿ ಮಾರ್ಪಡುತ್ತದೆ. ಆದುದರಿಂದ ವೈದ್ಯರು ಹೇಳಿದಷ್ಟು ಕಾಲ ರಕ್ತಪರೀಕ್ಷೆಗೆ ತಪ್ಪದೆ ಹೋಗಬೇಕು. ಆ ಅವಧಿಯಲ್ಲಿ ಮತ್ತೊಂದು ಗರ್ಭ ನಿಂತರೆ ಪರೀಕ್ಷೆಯ ಫಲ ತಿಳಿಯದಂತಾಗುತ್ತದೆ. ಹಾಗಾಗಿ ವೈದ್ಯರ ಸಲಹೆಯಂತೆ ನಿರೋಧ್ ಅಥವಾ ನುಂಗುವ ಗುಳಿಗೆಗಳನ್ನು ಬಳಸಬೇಕು. 1956ರಲ್ಲಿ ಅಮೆರಿಕದ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಔಷಧದಿಂದ ಈ ಬಗೆಯ ಕ್ಯಾನ್ಸರನ್ನು ಗುಣಪಡಿಸಿದಂದಿನಿಂದ, ಸಕಾಲದಲ್ಲಿ ಬಂದವರಲ್ಲಿ ಬಹುತೇಕ ಎಲ್ಲರೂ ಗುಣಹೊಂದುತ್ತಿದ್ದಾರೆ. ಅನೇಕರು ಮುಂದೆ ಮಕ್ಕಳನ್ನೂ ಪಡೆದಿದ್ದಾರೆ.

ದಾರಿಗೆ ಅಡ್ಡವಾದ ಮಾಸು

ಕೆಲವು ಗರ್ಭಿಣಿಯರಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಅಂಟಿಕೊಂಡಿರುತ್ತದೆ. ಏಳನೆಯ ತಿಂಗಳ ಅನಂತರ ನೋವಿಲ್ಲದೆಯೇ ಕೆಂಪು ರಕ್ತ ಹೋಗುವುದು ಇದರ ಲಕ್ಷಣ. ನೋವಿಲ್ಲವೆಂದು ಸುಮ್ಮನಿರುವಂತಿಲ್ಲ, ಮೊದಲ ಸ್ರಾವ ನಿಂತರೂ ಎರಡನೆಯದು ಭಾರಿಯಾಗಿ ಬರಬಹುದು. ಇಂಥವರನ್ನು ಮನೆಯಲ್ಲಿ ಯಾರೂ ಒಳಪರೀಕ್ಷೆ ಮಾಡಕೂಡದು.

ಹಿಂದೆ ಸಿಸೇರಿಯನ್ ಆಗಿದ್ದಲ್ಲಿ, ಮಾಸು ಆ ಹಳೆಯ ಗಾಯದ ಕಲೆಯೊಳಗೆ ಬೇರುಬಿಟ್ಟು ಹೆರಿಗೆಯ ಬಳಿಕ ಕಳಚದೆ ಉಳಿಯುವ ಇನ್ನೂ ಗಂಭೀರವಾದ ಸ್ಥಿತಿ ಉಂಟು. ಸಿಸೇರಿಯನ್‌ಗಳ ಸಂಖ್ಯೆ ಏರಿದಂತೆ ಈ ಅಪಾಯವೂ ಏರುತ್ತದೆ. ತಾಯಿ ಮಗುವಿನ ರಕ್ಷಣೆಗೆ ವೈದ್ಯರು ಸಿಸೇರಿಯನ್ ಸೂಚಿಸಿದರೆ ಹಿಂಜರಿಯಬೇಡಿರಿ. ಆದರೆ ನಕ್ಷತ್ರ ಮುಹೂರ್ತಗಳ ಸಲುವಾಗಿ ತಾವಾಗಿ ಅದನ್ನು ಕೇಳಿ ಮಾಡಿಸಿಕೊಳ್ಳುವುದು ಮುಂದಿನ ಗರ್ಭಕ್ಕೆ ಹಿತವಲ್ಲ. ಇಂಥ ಹೆರಿಗೆಗೆ ಹಲವು ಬಾಟಲಿ ರಕ್ತ ಬೇಕಾಗಬಹುದು. ಗಂಡಸರು ತಮ್ಮ ರಕ್ತದ ಗುಂಪನ್ನು ಮೊದಲೇ ತಿಳಿದುಕೊಂಡು, ರಕ್ತ ಕೊಡಬಲ್ಲ ಬಂಧುಮಿತ್ರರನ್ನು ಸಿದ್ಧಪಡಿಸಿಕೊಂಡಿರಬೇಕು.

ಹೆರಿಗೆಯ ಬಳಿಕದ ಸೆಳೆತ

ರಕ್ತದೊತ್ತಡ ಏರಿ ಗರ್ಭಿಣಿಗೆ ಸೆಳೆತ ಬರುವುದನ್ನು ತಾವು ಕೇಳಿರಬಹುದು. ಹೆರಿಗೆಯಾಗಿ ಕೆಲವು ದಿನಗಳು ಕಳೆದ ಮೇಲೂ ಅದು ಬರಬಹುದೆಂಬುದನ್ನು ಬಲ್ಲವರು ಕಡಿಮೆ. ಬಾಣಂತಿಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗುಳಿಯ ಕೆಳಗೆ ನೋವು ಕಂಡೊಡನೆ ಎಚ್ಚರಗೊಳ್ಳಬೇಕು. ಸೆಳೆತ ಬಂದರೆ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಕೈಯಲ್ಲಿ ಕಬ್ಬಿಣ ಹಿಡಿಸಿ ಕಾಯುವುದು ಬೇಡ. ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದು ಇದಕ್ಕೆ ಉತ್ತಮ ಔಷಧ. ಹಲವು ದೇಶಗಳ ಸುಮಾರು 10,000 ಸ್ತ್ರೀಯರಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದು ಸೆಳೆತದ ಸಂಭವವನ್ನು ಅರ್ಧಕ್ಕಿಂತ ಕಡಿಮೆ ಮಾಡಿತೆಂದು ಸಿದ್ಧವಾಯಿತು.

ಮುಂಚಿತವಾದ ಏರ್ಪಾಡು

ಬಂಟ್ವಾಳದಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ದಿಡುಪೆ, ಚಾರ್ಮಾಡಿ, ನಾರಾವಿಗಳ ಒಳಭಾಗದಲ್ಲಿರುವವರಿಗೆ ದಾರಿ ಇನ್ನೂ ದೀರ್ಘ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಸೇತುವೆ ರಸ್ತೆಗಳು ಹಾಳಾದುದನ್ನು ತಾವು ಮರೆತಿರಲಾರಿರಿ. ತೊಡಕುಳ್ಳ ಗರ್ಭಿಣಿಯ ದಿನ ಮಳೆಗಾಲದಲ್ಲಿ ತುಂಬುವಂತಿದ್ದರೆ, ಕೆಲವು ವಾರ ಮೊದಲೇ ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಗೆ ಕರೆದೊಯ್ಯುವುದು ಲೇಸು.

ಪ್ರತಿ ತಿಂಗಳ 9ನೆಯ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಯೋಜನೆ 2016ರಿಂದ ನಡೆದುಬಂದಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಇವೆಲ್ಲ 2011ರಿಂದ ಉಚಿತ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಮಂಗಳೂರಿನ ಸರಕಾರಿ ಲೇಡಿಗೋಶನ್ ಆಸ್ಪತ್ರೆಯಿದೆ. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಜೊತೆಯಲ್ಲೇ ಕೊಂಡೊಯ್ಯಬೇಕು.

ಸಹೋದರಿಯರೇ, ಕಟ್ಟಬೇಕಾದ ಬೀಡಿಯ ಲೆಕ್ಕ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ನೋವನ್ನು ನುಂಗಿಕೊಂಡಿರಬೇಡಿರಿ. ಸಹೋದರರೇ, ತಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ತಮ್ಮ ಅಪ್ಪಣೆಗೆ ಯಾರೂ ಕಾಯುವಂತಾಗಬಾರದು. ಅತ್ತೆಯವರಿಗೂ ನೆರೆಯವರಿಗೂ ಇಂದೇ ಹಾಗೆಂದು ತಿಳಿಸಿರಿ. ತುರ್ತಿಗೆಂದು ಸ್ವಲ್ಪ ಹಣವನ್ನು ಅವಳ ಕೈಯಲ್ಲೇ ಇರಿಸಿರಿ. ಈ ಎರಡು ಕೆಲಸಗಳಿಗೆ ವೈದ್ಯರು ಬೇಕಿಲ್ಲ. ಅವು ತಮ್ಮಿಂದಲೇ ಆಗಬೇಕಾದವು.